ನಡುಕೋಣೆಯ ಕಂಪ್ಯೂಟರು

ಆ ವರ್ಷ ಕದ ಬಿಗಿದಾಗ ನಾನು ಬೀದಿಕೋಣೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದೆ. ನಮ್ಮ ಯಜಮಾನರು ಮೌಳಿ ಹಿಂದಿನ ಕೋಣೆಯಲ್ಲಿ ಕನ್ನಡಿ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದರು. ನಮ್ಮತ್ತೆ ಸುಲೋಚನಮ್ಮ ನಡುಕೋಣೆಯಲ್ಲಿ ತಮ್ಮ ಕಂಪ್ಯೂಟರಿನ ಮುಂದೆ ಕೂತಿದ್ದರು. ಮೂಡಗಾಳಿ ಎದ್ದು ಮೂರು ನಾಲ್ಕು ದಿನಕ್ಕೆ ಬಿಗಿಯುತ್ತದೆ ಅಂತ ಊರಿಗೆಲ್ಲ ಗೊತ್ತು, ಯಾವ ಗಳಿಗೆಗೆ ಅಂತ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಚೌಕಟ್ಟು ಒಮ್ಮೆ ನರಳಿದ ಹಾಗೆ ಸದ್ದಾಯಿತು, ಅಷ್ಟೆ. ಎದ್ದು ಹೋಗಿ ಕದ ದೂಡಿದೆ. ಗೋಡೆ ದೂಡಿದ ಹಾಗಿತ್ತು. ಸರಿ, ಈ ಸಲ ನನಗೆ ಬೀದಿ ನೋಡುವ ಭಾಗ್ಯ ಅಂದುಕೊಂಡು ಬಟ್ಟೆ ಮಡಚುವುದನ್ನು ಮುಂದುವರಿಸಿದೆ.

ನಮ್ಮೂರಿನವರಿಗೆ ಇದು ಹೊಸದಲ್ಲ. ವರ್ಷಕ್ಕೊಮ್ಮೆ ಹನ್ನೆರಡೋ ಹದಿಮೂರೋ ದಿನ ಮನೆಮನೆಯ ಕದಗಳೆಲ್ಲ ಬಿಗಿಯುತ್ತವೆ. ಯಾರು ಎಲ್ಲಿದ್ದರೋ ಅಲ್ಲೇ. ಅದಕ್ಕೆಂದೇ ನಮ್ಮಲ್ಲಿ ಪ್ರತಿ ಕೋಣೆಗೂ ಒಂದು ಬಚ್ಚಲಮೂಲೆ, ಒಂದು ದೊಡ್ಡ ಕೊಡ, ಸುತ್ತಿಟ್ಟ ಒಂದು ಹಾಸಿಗೆ ಇರುತ್ತದೆ. ಸರದಿಯ ಮೇಲೆ ಐವತ್ತು ಅರವತ್ತು ಜನ ಗಾಳಿ ಎದ್ದ ದಿನವೇ ಹೊರಗೆ ಹೋಗಿ ಛತ್ರದ ಚಾವಡಿಯಲ್ಲಿ ಉಳಿಯುತ್ತಾರೆ. ಅಡುಗೆ ಅವರದು. ಕಿಟಕಿ ಇದ್ದ ಕೋಣೆಗೆ ಕಿಟಕಿಯಲ್ಲಿ ಕೊಡುತ್ತಾರೆ, ಇಲ್ಲದ ಕೋಣೆಗೆ ಮಾಡು ಹತ್ತಿ ಬೆಳಕಿಂಡಿಯಿಂದ ಹಗ್ಗದ ಬುಟ್ಟಿ ಇಳಿಸುತ್ತಾರೆ. ನಮ್ಮ ಮಾವನವರ ತಾತ ಒಮ್ಮೆ ಸಿಟ್ಟು ಬಂದು ಕೊಡಲಿಯಿಂದ ಕದ ಒಡೆದಿದ್ದರಂತೆ. ಆಚೆ ಕೋಣೆಯೇ ಇರಲಿಲ್ಲ, ಬರೀ ಇಟ್ಟಿಗೆ. ಹದಿಮೂರನೆಯ ದಿನ ಕೋಣೆ ವಾಪಸ್ಸು ಬಂತು, ಕದ ಮಾತ್ರ ದಂಡವಾಯಿತು. ಆಮೇಲೆ ಯಾರೂ ಕೊಡಲಿ ಮುಟ್ಟಿಲ್ಲ. ಆ ದಿನಗಳಲ್ಲಿ ಮೊಬೈಲು ಕೋಣೆಯೊಳಗೆ ಸತ್ತ ಹಾಗೆ. ಗೋಡೆ ದಾಟುವುದು ಎರಡೇ. ಒಂದು ಮನುಷ್ಯರ ಕೂಗು, ಇನ್ನೊಂದು ಗೋಡೆ ಕೊರೆದು ಎಳೆದ ವೈರು.

ಹಾಗಾಗಿ ನಮ್ಮೂರಿನಲ್ಲಿ ಕೋಣೆಗೊಂದು ಹಳೆಯ ಕಂಪ್ಯೂಟರು ಇಡುವುದು ದೊಡ್ಡಸ್ತಿಕೆ ಅಲ್ಲ, ಒಲೆ ಇದ್ದ ಹಾಗೆ ಅದೂ ಒಂದು. ಮನೆಯ ಕಂಪ್ಯೂಟರುಗಳನ್ನೆಲ್ಲ ವೈರಿನಿಂದ ಒಂದು ಚಿಕ್ಕ ಡಬ್ಬಿಗೆ ಸೇರಿಸಿ, ಒಂದರೊಳಗಿನ ಫೈಲು ಇನ್ನೊಂದರಲ್ಲಿ ತೆರೆಯುವ ಹಾಗೆ ಮಾಡಿಕೊಳ್ಳುತ್ತೇವೆ. ಮಕ್ಕಳ ಪಾಠ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತದೆ. ಜಗಳವಾಡಿಕೊಂಡ ಗಂಡಹೆಂಡತಿ ರಾಜಿಯಾಗುವುದೂ ಬಹಳ ಸಲ ಅದರಲ್ಲೇ, ಯಾಕೆಂದರೆ ಕೂಗಿ ಕ್ಷಮಾಪಣೆ ಕೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ.

ನಮ್ಮ ಮನೆಯಲ್ಲಿ ಅದರ ಅಗತ್ಯ ಬೇರೆಯವರಿಗಿಂತ ಹೆಚ್ಚಿತ್ತು. ನಮ್ಮತ್ತೆ ಮೂವತ್ತೊಂದು ವರ್ಷ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬಸ್ಸು ಕೂಗಿದವರು. ಸುಲೋಚನಮ್ಮನ ದನಿ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು ಜನ. ಎರಡು ವರ್ಷದ ಕೆಳಗೆ ಲಕ್ವ ಹೊಡೆದು ಬಲಗೈ ಹೋಯಿತು, ದನಿ ಪೂರ್ತಿ ಹೋಯಿತು. ಕಿವಿ ಮಾತ್ರ ಮೊದಲಿಗಿಂತ ಚುರುಕು. ಎಡಗೈಯಲ್ಲಿ ಪೆನ್ನು ಹಿಡಿದರೆ ಕೋಳಿ ಕೆದಕಿದ ಹಾಗಾಗುತ್ತಿತ್ತು, ಕೀಲಿಮಣೆ ಮಾತ್ರ ಹೇಗೋ ಒಲಿಯಿತು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ, ಆರು ತಿಂಗಳಲ್ಲಿ ನನಗಿಂತ ಬೇಗ ಬರೆಯತೊಡಗಿದರು. ಕದ ಬಿಗಿದ ದಿನಗಳಿಗೆಂದು ಮೌಳಿ ಅವರ ಕಂಪ್ಯೂಟರನ್ನು ನಮ್ಮವಕ್ಕೆ ಸೇರಿಸಿದ್ದರು. ಅತ್ತೆ ದಿನಾ ಬೆಳಿಗ್ಗೆ 'ಈ ದಿನ' ಅನ್ನುವ ಫೈಲಿನಲ್ಲಿ ನಿದ್ದೆ ಬಂತೋ ಇಲ್ಲವೋ, ಮಾತ್ರೆ ತಗೊಂಡರೋ ಇಲ್ಲವೋ, ಏನು ಬೇಕು ಅಂತ ಬರೆಯುವುದು. ನಾನು ನನ್ನ ಕೋಣೆಯಿಂದ ತೆರೆದು ನೋಡಿ, ಬುಟ್ಟಿ ಇಳಿಸುವವರಿಗೆ ಹೇಳುವುದು. ಅದು ಬಿಟ್ಟರೆ ನೆಲಕ್ಕೆ ಹಿತ್ತಾಳೆ ಲೋಟ ಕುಟ್ಟುತ್ತಿದ್ದರು. ಒಂದು ಕುಟ್ಟಿದರೆ ಹೌದು, ಎರಡು ಕುಟ್ಟಿದರೆ ಇಲ್ಲ.

ನಮ್ಮದು ರೈಲುಡಬ್ಬಿಯಂಥ ಮನೆ, ಕೋಣೆಯ ಹಿಂದೆ ಕೋಣೆ. ನನಗೆ ಬೀದಿ ಕಿಟಕಿ, ಮೌಳಿಗೆ ಹಿತ್ತಿಲ ಕಿಟಕಿ, ನಡುವಿನ ಕೋಣೆಗೆ ಬೆಳಕಿಂಡಿ ಒಂದೇ. ನಾನು ಮೌಳಿಗೆ ಏನಾದರೂ ಹೇಳಬೇಕೆಂದರೆ ನಡುಕೋಣೆಯ ಮೇಲಿಂದ ಹಾಯುವ ಹಾಗೆ ಕೂಗಬೇಕು.

ಮೊದಲ ಮೂರು ದಿನ ಎಲ್ಲ ಸರಿಯಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಅತ್ತೆಯ ಕಂಪ್ಯೂಟರು ತೆರೆಯಲು ಹೋದರೆ ತೆರೆಯಲಿಲ್ಲ. ಏನೋ ಒಂದು ಸಾಲು ಬಂತು, ಮುಚ್ಚಿದೆ. ಮತ್ತೆ ಒತ್ತಿದೆ, ಮತ್ತೆ ಅದೇ ಸಾಲು. ಕಂಪ್ಯೂಟರು ಆರಿಸಿ ಹಚ್ಚಿದೆ. ವೈರು ಕಿತ್ತು ಊದಿ ಸಿಕ್ಕಿಸಿದೆ. "ಅತ್ತೆ, ನಿಮ್ಮದು ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?" ಅಂತ ಕೂಗಿದೆ. ಲೋಟ ಒಂದು ಸಲ ಕುಟ್ಟಿದ ಸದ್ದು ಬಂತು. ಆದರೂ ತೆರೆಯಲಿಲ್ಲ. ಆ ಮಧ್ಯಾಹ್ನ ಬುಟ್ಟಿ ಇಳಿಸಿದವರು ಕಿಟಕಿಗೆ ಬಂದು, "ಅಮ್ಮ ಊಟ ಮುಟ್ಟಿಲ್ಲ ಕಣ್ರೀ, ಬುಟ್ಟಿ ಹಾಗೇ ಮೇಲೆ ಬಂತು" ಅಂದರು. ಮರುದಿನವೂ ಹಾಗೇ. ಆ ದಿನ ಅನ್ನದ ಜೊತೆ ರಕ್ತದೊತ್ತಡದ ಮಾತ್ರೆಯೂ ಹಾಗೇ ವಾಪಸ್ಸು ಬಂತು. "ಹೊಟ್ಟೆನೋವಾ ಅತ್ತೆ?" ಎರಡು ಕುಟ್ಟು. "ಜ್ವರವಾ?" ಎರಡು. "ಊಟ ಸೇರಲಿಲ್ಲವಾ?" ಎರಡು. ಹೌದು ಇಲ್ಲಗಳಲ್ಲಿ ಮನುಷ್ಯನ ಮನಸ್ಸನ್ನು ಎಷ್ಟು ದೂರ ಹುಡುಕುವುದು? ಡಾಕ್ಟರು ಹೇಳಿದ್ದರು, ಮಾತ್ರೆ ಎರಡು ದಿನ ತಪ್ಪಿದರೆ ಇನ್ನೊಂದು ಪಕ್ಕಕ್ಕೂ ಹೊಡೆಯಬಹುದು ಅಂತ. ಮೌಳಿ ಹಿಂದಿನಿಂದ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡರು. ಫೈಲು ಪೆನ್‌ಡ್ರೈವಿಗೆ ಹಾಕಿ ಬುಟ್ಟಿಯಲ್ಲಿ ಕಳಿಸಿ ಅನ್ನೋಣವೆಂದರೆ ಆ ಹಳೇ ಪೆಟ್ಟಿಗೆಯಲ್ಲಿ ಅದನ್ನು ಸಿಕ್ಕಿಸುವ ಕಿಂಡಿ ಕೆಟ್ಟು ವರ್ಷವಾಗಿತ್ತು. ನಾನು ಕಿಟಕಿಯ ಸರಳಿಗೆ ಕೆಂಪು ಬಟ್ಟೆ ಕಟ್ಟಿದೆ. ದ್ಯಾಮಕ್ಕನನ್ನು ಕರೆಯುವ ರೀತಿ ಅದು.

ದ್ಯಾಮಕ್ಕ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವಳು. ಇಪ್ಪತ್ತೆರಡು ವರ್ಷ ತಲೆಗೆ ಇಯರ್‌ಫೋನು ಹಾಕಿಕೊಂಡು ಊರಿನ ಮಾತನ್ನೆಲ್ಲ ಒಂದು ತೂತಿನಿಂದ ಇನ್ನೊಂದು ತೂತಿಗೆ ಸೇರಿಸಿದವಳು. ಎಕ್ಸ್‌ಚೇಂಜು ಮುಚ್ಚಿದ ಮೇಲೆ ತಾನೇ ಓದಿ, ಕೆಡಿಸಿ, ಕೂಡಿಸಿ ಈ ಕಂಪ್ಯೂಟರು ವೈರಿನ ಕೆಲಸ ಕಲಿತಳು. ಎಂಟು ವರ್ಷದಿಂದ ಒಂದು ಸಲವೂ ಅವಳು ಒಳಗೆ ಉಳಿದದ್ದಿಲ್ಲ. ಸರದಿ ಇರಲಿ ಬಿಡಲಿ, ಗಾಳಿ ಎದ್ದ ದಿನ ಹೆಗಲಿಗೆ ಚೀಲ, ಕಂಕುಳಲ್ಲಿ ಒಂದು ಕಾಲುಮಣೆ ಇಟ್ಟುಕೊಂಡು ಹೊರಗೆ ಹೊರಟುಬಿಡುತ್ತಿದ್ದಳು. ಐವತ್ತೆಂಟು ವಯಸ್ಸು. ಎಡಮಂಡಿ ಸದಾ ಊದಿಕೊಂಡಿರುತ್ತಿತ್ತು. ಒಳಗೆ ಹೋಗಲಾಗದ ಮನೆಯ ಒಳಗಿನ ಯಂತ್ರವನ್ನು ಕಿಟಕಿಯ ಹೊರಗೆ ಕೂತು, ಬರೀ ಕೇಳಿ ಕೇಳಿ ರಿಪೇರಿ ಮಾಡುವವಳನ್ನು ನಾನು ಅವಳೊಬ್ಬಳನ್ನೇ ನೋಡಿದ್ದು.

ಬಂದವಳು ಕಿಟಕಿಯ ಕೆಳಗೆ ಕಾಲುಮಣೆ ಹಾಕಿ, ಕಾಲು ನೀಡಿ ಕೂತಳು. "ಹೇಳು ವತ್ಸಲಾ. ಮೊದಲಿಂದ ಹೇಳು. ನಿಂಗೇನನ್ಸತ್ತೆ ಅಂತ ಬೇಡ, ಏನಾಯ್ತು ಅಂತ ಹೇಳು."

ಹೇಳಿದೆ.

"ಡಬ್ಬೀಲಿ ಎಷ್ಟು ದೀಪ ಉರೀತವೆ?"

"ಮೂರು."

"ಮೂರೂ ಮಿಣುಕ್ತವಾ?"

"ಮಧ್ಯದ್ದೂ ಮಿಣುಕ್ತಿದೆ ದ್ಯಾಮಕ್ಕ."

"ಹಂಗಾರೆ ವೈರು ಸತ್ತಿಲ್ಲ. ನಿನ್ನ ಗಂಡನ ಕಂಪ್ಯೂಟರು ತೆಗಿ."

ತೆಗೆದೆ. ಸಲೀಸಾಗಿ ತೆರೆಯಿತು. ಮೌಳಿಯ ಹಳೇ ಬಿಲ್ಲುಗಳು, ಫೋಟೋಗಳು, ಎಲ್ಲ ಕಂಡವು.

"ನಿಂದೂ ಸರಿ ಇದೆ, ಡಬ್ಬೀನೂ ಸರಿ ಇದೆ. ಈಗ ನಿಮ್ಮತ್ತೆ ಕಂಪ್ಯೂಟರಿಗೆ ಒಂದು ಕೂಗು ಹಾಕು." ಕಪ್ಪು ಪರದೆ ತೆರೆಸಿ ಅದರಲ್ಲಿ ಏನೇನೋ ಅಕ್ಷರ, ಅಂಕಿ ಬರೆಸಿದಳು. ಒಂದೊಂದು ಚುಕ್ಕೆಯನ್ನೂ ಎರಡೆರಡು ಸಲ ಹೇಳಿದಳು. ಒತ್ತಿದೆ. ನಾಲ್ಕು ಸಾಲು ಉತ್ತರ ಬಂತು.

"ನಾಲ್ಕಕ್ಕೆ ನಾಲ್ಕೂ ಬಂತಾ?"

"ಬಂತು."

"ಕರೆದರೆ ಓ ಅಂತದೆ. ಕದ ಮಾತ್ರ ತೆಗೀತಿಲ್ಲ. ಅದರ ಗಡಿಯಾರ ತಪ್ಪಿರಬಹುದು, ಪಾಸ್‌ವರ್ಡು ಬದಲಾಗಿರಬಹುದು. ಇರಲಿ, ಈಗ ತೆಗೆಯೋಕೆ ಹೋಗು. ಬರೋ ಸಾಲು ಮುಚ್ಚಬೇಡ. ಅಕ್ಷರ ಅಕ್ಷರ ಓದು."

ನಾನು ಎರಡು ದಿನದಿಂದ ಆ ಸಾಲನ್ನು ಮೂವತ್ತು ಸಲವಾದರೂ ಮುಚ್ಚಿದ್ದೆ, ಒಂದು ಸಲವೂ ಪೂರ್ತಿ ಓದಿರಲಿಲ್ಲ. ಈಗ ಓದಿದೆ. "ಈ ಜಾಗವನ್ನು ತೆರೆಯಲು ನಿಮಗೆ ಅನುಮತಿ ಇಲ್ಲ."

"ಸಿಗಲಿಲ್ಲ ಅಂತ ಇದೆಯೋ, ಅನುಮತಿ ಇಲ್ಲ ಅಂತಾನೋ? ಸರಿಯಾಗಿ ನೋಡು."

"ಅನುಮತಿ ಇಲ್ಲ ಅಂತಾನೇ ಇದೆ. ಎರಡೂ ಒಂದೇ ಅಲ್ಲವಾ?"

"ಒಂದೇ ಹೆಂಗಾಗತ್ತವ್ವ?" ಅಂದಳು ದ್ಯಾಮಕ್ಕ. "ಸಿಗಲಿಲ್ಲ ಅಂದರೆ ನಾನು ವೈರು ಹುಡುಕ್ತೀನಿ. ಬೇಡ ಅಂದರೆ ಮನುಷ್ಯರನ್ನ ಹುಡುಕ್ತೀನಿ." ಮಂಡಿ ತಿಕ್ಕಿಕೊಳ್ಳುತ್ತ ಸರಳಿನ ಹತ್ತಿರ ಬಂದು ದನಿ ಇಳಿಸಿದಳು. "ಮೌಳಿ ಅದನ್ನ ಸೇರಿಸಿದಾಗ ಏನೇನು ತೆರೆದಿಟ್ಟಿದ್ದ? ಒಂದು ಫೋಲ್ಡರೋ, ಎಲ್ಲಾನೋ?"

ನನಗೆ ಗೊತ್ತಿರಲಿಲ್ಲ. ಮೌಳಿಯನ್ನು ಕೂಗಿ ಕೇಳಿದೆ. "ಎಲ್ಲಾ ಒಟ್ಟಿಗೇ ತೆರೆದಿಟ್ಟೆ ಕಣೇ, ಆಮೇಲೆ ತಲೆನೋವು ಬೇಡ ಅಂತ," ಅಂತ ಹಿಂದಿನಿಂದ ದನಿ ಬಂತು.

"ಅಮ್ಮನ್ನ ಕೇಳಿದ್ದನಾ?"

ಇದನ್ನು ನಾನು ಕೂಗಿ ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು. ದ್ಯಾಮಕ್ಕ ಇನ್ನೂ ದನಿ ಇಳಿಸಿ ಕೇಳಿದಳು. "ಮೂರನೇ ದಿನ ಅದರೊಳಗೆ ನೀನು ಏನು ನೋಡಿದೆ?"

ಇಲ್ಲಿಯತನಕ ನಾನು ಹೇಳದೆ ಬಿಟ್ಟದ್ದನ್ನು ಈಗ ಹೇಳಬೇಕು. ಮೂರನೆಯ ದಿನ ಮಧ್ಯಾಹ್ನ ಬೇಜಾರಿಗೆ ಅತ್ತೆಯ ಕಂಪ್ಯೂಟರಿನಲ್ಲಿ ಅದೂ ಇದೂ ತೆರೆಯುತ್ತಿದ್ದಾಗ 'ಪ್ರಕಟಣೆ' ಅನ್ನುವ ಫೋಲ್ಡರು ಸಿಕ್ಕಿತು. ಒಳಗೆ ನೂರಾರು ಚಿಕ್ಕ ಚಿಕ್ಕ ಫೈಲು. ಒಂದನ್ನು ತೆರೆದೆ. "ಪ್ರಯಾಣಿಕರ ಗಮನಕ್ಕೆ. ಬೆಳಗಿನ ಆರು ಗಂಟೆಗೆ ಹೊರಡಬೇಕಿದ್ದ ಮಾತು ಈ ದಿನವೂ ಹೊರಟಿಲ್ಲ. ಬಾಯಿಯ ಬಲಮೂಲೆಯಿಂದ ಜೊಲ್ಲು ಮಾತ್ರ ಸರಿಯಾದ ವೇಳೆಗೆ ಹೊರಡುತ್ತಿದೆ. ಪ್ರಯಾಣಿಕರು ದಯವಿಟ್ಟು ಕಾಯುವುದು ಬೇಡ." ನನಗೆ ನಗು ಬಂತು. ಸುಳ್ಳು ಯಾಕೆ ಹೇಳಲಿ, ಬಹಳ ಚೆನ್ನಾಗಿದೆ ಅಂತಲೂ ಅನ್ನಿಸಿತು. "ರೀ, ಇಲ್ಲಿ ಕೇಳಿ" ಅಂತ ಕೂಗಿ, ಮೂಗು ಹಿಡಿದುಕೊಂಡು ಮೈಕಿನ ದನಿ ಮಾಡಿ ಅದನ್ನು ಓದಿದೆ. ಮೌಳಿ ಹೋ ಅಂತ ನಕ್ಕರು. ಇನ್ನೊಂದು ಓದು ಅಂದರು. ಓದಿದೆ. ಮತ್ತೊಂದನ್ನೂ ಓದಿದೆ. ನಮ್ಮಿಬ್ಬರ ನಡುವಿನ ಕೋಣೆಯಲ್ಲಿ, ನಮ್ಮ ನಗು ಹಾಯುವ ದಾರಿಯಲ್ಲಿ, ಬರೆದವರು ಕೂತಿದ್ದಾರೆ ಅನ್ನುವುದು ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ. ಮಾತಾಡದವರನ್ನು ಕೇಳದವರು ಅಂತಲೂ ಮಾಡಿಬಿಟ್ಟಿರುತ್ತೇವೆ ನಾವು. ನಾಲ್ಕನೆಯದನ್ನು ತೆರೆದೆ, ಅದನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ. "ಪ್ರಯಾಣಿಕರ ಗಮನಕ್ಕೆ. ತಲೆ ಬಾಚುವಾಗ ಸೊಸೆ ಉಸಿರು ಬಿಗಿಹಿಡಿಯುತ್ತಾಳೆ. ನನ್ನ ಮೈ ನಾರುತ್ತಿರಬೇಕು." ಮುಚ್ಚಿದೆ. ಸಾಕು ಅಂತ ಎದ್ದು ನೀರು ಕುಡಿದೆ.

ದ್ಯಾಮಕ್ಕನಿಗೆ ಅಷ್ಟನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಗಿಹೋಯಿತು, ಕೆಟ್ಟದ್ದು ಯಾವುದು ಅಂತ. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಎಕ್ಸ್‌ಚೇಂಜಿನಲ್ಲಿ ನಮಗೆ ಮೊದಲ ದಿನ ಹೇಳಿಕೊಡೋರು," ಅಂದಳು, "ಕೇಳಿಸಿದ್ದು ಕಿವೀಲೇ ಇರಬೇಕು, ಬಾಯಿಗೆ ಇಳೀಬಾರದು ಅಂತ. ನಿಂಗೆ ಯಾರೂ ಹೇಳಿಕೊಟ್ಟಿರಲಿಲ್ಲ." ಆಮೇಲೆ ಗೋಡೆಯ ಕಡೆ ಒಮ್ಮೆ ನೋಡಿ ಸಣ್ಣಗೆ ನಕ್ಕಳು. ಅದು ನನಗಾಗಿ ನಕ್ಕದ್ದಲ್ಲ. "ಆದರೆ ನೋಡು, ಅನುಮತಿ ತೆಗೆದುಹಾಕೋಕೆ ಆರು ಕಡೆ ಒತ್ತಬೇಕು. ಯಾರಾದರೂ ಹೇಳಿಕೊಟ್ಟಿದ್ರಾ ಅವರಿಗೆ?"

"ಇಲ್ಲ."

"ನಂಗೆ ಕಲಿಯೋಕೆ ಒಂದು ವಾರ ಬೇಕಾಗಿತ್ತು," ಅಂದಳು. "ಒಂದು ಬೆರಳಲ್ಲಿ, ಒಂದು ಸಂಜೇಲಿ ಮಾಡಿದ್ದಾರೆ ಆ ಹೆಂಗಸು."

ಪಕ್ಕದ ಸಂದಿಯಿಂದ ಏಣಿ ತರಿಸಿ ನಮ್ಮ ಗೋಡೆಗೆ ಒರಗಿಸಿದಳು. ಆ ಮಂಡಿಯಲ್ಲಿ ಹತ್ತಬೇಡ, ಬುಟ್ಟಿಯವರನ್ನು ಕಳಿಸು ಅಂತ ನಾನು ಅಂದರೆ, "ಬುಟ್ಟಿಯವರು ಅನ್ನ ಇಳಿಸ್ತಾರೆ, ಇದನ್ನ ಇಳಿಸೋಕೆ ಬರಲ್ಲ ಅವರಿಗೆ" ಅಂದಳು. ವಾಪಸ್ಸು ಬಂದಿದ್ದ ಮಾತ್ರೆ ಸೆರಗಿಗೆ ಗಂಟು ಹಾಕಿಕೊಂಡು ಚಪ್ಪಲಿ ಏಣಿಯ ಬುಡದಲ್ಲಿ ಬಿಟ್ಟಳು. ಹತ್ತುವ ಮೊದಲು ಗಟ್ಟಿಯಾಗಿ ಕೂಗಿ ಹೇಳಿದಳು. "ಮೌಳೀ, ವತ್ಸಲಾ, ನಾನು ಕೆಳಗೆ ಬರೋ ತನಕ ಇಬ್ಬರೂ ಕಂಪ್ಯೂಟರಲ್ಲಿ ಹಾಡು ಹಾಕ್ಕೊಳ್ಳಿ. ಜೋರಾಗಿ ಹಾಕ್ಕೊಳ್ಳಿ."

ಜೋರಾಗಿಯೇ ಹಾಕಿದೆ. ಇನ್ನೊಮ್ಮೆ ಕದ್ದು ಕೇಳುವ ಮುಖ ನನಗಿರಲಿಲ್ಲ. ಹಿಂದಿನ ಕೋಣೆಯಿಂದಲೂ ಮೌಳಿಯ ಹಾಡು ಶುರುವಾಯಿತು, ಎರಡೂ ಕಲಸಿಹೋಗಿ ಸಂತೆಯ ಹಾಗಾಯಿತು. ನಾನು ಕಿಟಕಿಯಲ್ಲಿ ನಿಂತು ಏಣಿಯ ಬುಡದ ಆ ಸವೆದ ಚಪ್ಪಲಿ ನೋಡುತ್ತಿದ್ದೆ. ಬಿಸಿಲು ಚಪ್ಪಲಿ ದಾಟಿ ಆಚೆ ಹೋಯಿತು. ಒಂದು ಹಾಡು ಮುಗಿದು ಇನ್ನೊಂದು ಹಿಡಿಯುವ ಸಂದಿಯಲ್ಲಿ ಲೋಟದ ಸದ್ದು ಕೇಳಿಬಿಡುತ್ತಿತ್ತು. ಒಂದು ಕುಟ್ಟು. ಮತ್ತೆ ಹಾಡು. ಇನ್ನೊಂದು ಸಂದಿಯಲ್ಲಿ ಎರಡು ಕುಟ್ಟು, ಎರಡು, ಮತ್ತೆ ಎರಡು, ಬಹಳ ಜೋರಾಗಿ. ಮಗದೊಂದು ಸಂದಿಯಲ್ಲಿ ದ್ಯಾಮಕ್ಕನ ಒಂದೇ ಮಾತು. "ಅಲ್ಲಮ್ಮಾ, ಪೂರ್ತಿ ಮುಚ್ಚಿದ್ರೆ ನಿಮಗೇ ಕಷ್ಟ. ನಿಮ್ಮ ಮನಸ್ಸಿಗೆ ಬಂದಷ್ಟು ಒಂದು ಕಿಟಕಿ ಇಟ್ಕೊಳ್ಳೋಣ." ಅದಕ್ಕೆ ಕುಟ್ಟು ಬಂತೋ ಇಲ್ಲವೋ, ಹಾಡು ಹಿಡಿದುಕೊಂಡುಬಿಟ್ಟಿತು.

ಮಾಡಿನ ಮೇಲೆ ಹೊಟ್ಟೆ ಅಡಿ ಮಲಗಿ, ಬೆಳಕಿಂಡಿಯಲ್ಲಿ ಮುಖ ಇಟ್ಟು, ಕೆಳಗಿನ ಪರದೆಯನ್ನು ಹನ್ನೆರಡು ಅಡಿ ಮೇಲಿನಿಂದ ಓದುತ್ತ ಅವಳು ಎರಡು ಗಂಟೆ ಇದ್ದಳಂತೆ. ಬುಟ್ಟಿಯವರು ಆಮೇಲೆ ಹೇಳಿದರು. ಅವಳು ಇಳಿದಾಗ ಗದ್ದಕ್ಕೆಲ್ಲ ಹೆಂಚಿನ ಮಸಿ ಮೆತ್ತಿತ್ತು, ಮಂಡಿ ಒಂದು ತೆಂಗಿನಕಾಯಿಯಷ್ಟಾಗಿತ್ತು.

"ಹಾಡು ನಿಲ್ಲಿಸು," ಅಂದಳು. "ನಿನ್ನ ಕಡೆ ಹಳೇ ದಾರಿ ಉಳಿದುಕೊಂಡಿದೆ, ಅದನ್ನ ಅಳಿಸು. ಈಗ ಹೊಸದಾಗಿ ಹುಡುಕು."

ಹುಡುಕಿದೆ. ಅತ್ತೆಯ ಕಂಪ್ಯೂಟರು ಕಂಡಿತು. ಒತ್ತಿದೆ, ತೆರೆಯಿತು. ಮೊದಲು ಸಾಲುಸಾಲು ಫೋಲ್ಡರು ಕಾಣುತ್ತಿದ್ದ ಕಡೆ ಈಗ ಒಂದೇ ಒಂದಿತ್ತು. ಅದರ ಹೆಸರು 'ಹೊರಗೆ'. ಒಳಗೆ ಒಂದೇ ಫೈಲು. "ಮಾತ್ರೆ ಈಗ ತಗೊಂಡೆ. ಅನ್ನ ಬೇಡ, ಗಂಜಿ ಕಳಿಸಿ. ಉಪ್ಪಿನಕಾಯಿ ಕಳಿಸಿ." ನಾನು ಅದನ್ನು ಮೌಳಿಗೆ ಕೂಗಿ ಹೇಳಲು ಬಾಯಿ ತೆರೆದೆ. ಆಮೇಲೆ ಬಾಯಿ ಮುಚ್ಚಿ, ಅವರೇ ತೆರೆದು ಓದಲಿ ಅಂತ ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಿಂದ ಮೂಗು ಸೀಟುವ ಸದ್ದು ಬಂತು.

"ಏನು ಕೆಟ್ಟಿತ್ತು ಅಂತ ಯಾರಾದರೂ ಕೇಳಿದರೆ ಏನು ಹೇಳಲಿ ದ್ಯಾಮಕ್ಕ?"

"ಏನೂ ಕೆಟ್ಟಿರಲಿಲ್ಲ ಅಂತ ಹೇಳು. ಮಿಷನ್ನು ಹೇಳಿದ್ದನ್ನೇ ಮಾಡ್ತಿತ್ತು." ಚೀಲ ಹೆಗಲಿಗೇರಿಸಿ ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. "ನಿಂಗೆ ಅದರಲ್ಲಿ ಓದೋಕೆ ಮಾತ್ರ ಕೊಟ್ಟಿದ್ದಾರೆ. ಬರೆಯೋಕೆ ಕೊಟ್ಟಿಲ್ಲ. ಅದನ್ನೂ ಕೊಡೋಣವಾ ಅಂತ ಕೇಳ್ದೆ, ಎರಡು ಕುಟ್ಟಿದರು. ಹೆಂಗೆ ಕೊಡೋದು ಅಂತ ಮಾತ್ರ ಹೇಳಿಕೊಟ್ಟು ಬಂದಿದೀನಿ. ಮುಂದಿನದು ಅವರಿಗೆ ಬಿಟ್ಟದ್ದು."

ಆ ಸಂಜೆ ನಾನು ಗೋಡೆಗೆ ಬಾಯಿ ಹತ್ತಿರ ಹಿಡಿದು, "ಅತ್ತೆ, ನಾನು ಓದಬಾರದಾಗಿತ್ತು. ಓದಿ ನಗಬಾರದಾಗಿತ್ತು. ತಪ್ಪಾಯ್ತು," ಅಂದೆ. ಎದುರುಮನೆಯವರಿಗೂ ಕೇಳಿಸಿರಬೇಕು, ಕೇಳಿಸಲಿ. ಲೋಟ ಒಂದೂ ಕುಟ್ಟಲಿಲ್ಲ, ಎರಡೂ ಕುಟ್ಟಲಿಲ್ಲ. ಹಿಂದಿನಿಂದ ಮೌಳಿ, "ಅಮ್ಮಾ, ತಪ್ಪು ನನ್ನದು. ನಿನ್ನ ಕೇಳದೆ ಎಲ್ಲ ತೆರೆದಿಟ್ಟೆ," ಅಂದರು.

ಆದರೆ ನನಗೆ ಹೇಳಬೇಕಾದದ್ದು ಇನ್ನೊಂದಿತ್ತು, ಅದನ್ನು ಕೂಗಿ ಹೇಳುವ ಹಾಗಿರಲಿಲ್ಲ. ಒಂದು ಚಿಕ್ಕ ಫೈಲು ಬರೆದು 'ಹೊರಗೆ' ಫೋಲ್ಡರಿನಲ್ಲಿ ಇಡಲು ಹೋದೆ. ಅನುಮತಿ ಇಲ್ಲ ಅಂತ ಬಂತು. ಈ ಸಲ ಪೂರ್ತಿ ಓದಿದೆ. ಮರುದಿನ ಪ್ರಯತ್ನಿಸಿದೆ, ಅದೇ ಸಾಲು. ಏಳನೆಯ ದಿನ, ಎಂಟನೆಯ ದಿನ, ಒಂಬತ್ತನೆಯ ದಿನವೂ ಅಷ್ಟೆ. ದಿನಾ ಬೆಳಿಗ್ಗೆ ಅತ್ತೆಯ ಫೈಲು ಓದುವುದು, ಬುಟ್ಟಿಯವರಿಗೆ ಹೇಳುವುದು, ಆಮೇಲೆ ನನ್ನದನ್ನು ಒಮ್ಮೆ ಇಟ್ಟು ನೋಡುವುದು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬದಲಿಗೆ ಒಂದು ತರಹದ ಗೌರವ ಬೆಳೆಯುತ್ತ ಹೋಯಿತು. ಎರಡು ವರ್ಷದಿಂದ ಆ ಮನೆಯಲ್ಲಿ ನಾನು ಅವರಿಗೆ ಅನ್ನ ಕಲಸಿ ಕೊಟ್ಟಿದ್ದೇನೆ, ಸ್ನಾನ ಮಾಡಿಸಿದ್ದೇನೆ, ಸೀರೆ ಉಡಿಸಿದ್ದೇನೆ. ಯಾವುದಕ್ಕೂ ಅವರ ಕೈಯಲ್ಲಿ ಬೇಡ ಅನ್ನುವ ಶಕ್ತಿ ಇರಲಿಲ್ಲ. ಇದೊಂದರಲ್ಲಿ ಇತ್ತು. ಅದನ್ನು ಅವರು ಎಷ್ಟು ನೆಟ್ಟಗೆ ಕೂತು ಬಳಸುತ್ತಿದ್ದಾರೆ ಅಂತ ನನಗೆ ಗೋಡೆಯ ಈಚೆಯಿಂದಲೂ ಕಾಣುತ್ತಿತ್ತು.

ಅಷ್ಟರಲ್ಲಿ ಊರಲ್ಲಿ ಏನಾಯಿತೋ, ದ್ಯಾಮಕ್ಕ ಯಾರಿಗೂ ಹೇಳಿರಲಾರಳು, ಹೇಳುವವಳಲ್ಲ. ಮಾಡಿನ ಮೇಲೆ ಎರಡು ಗಂಟೆ ಮಲಗಿದ್ದವಳನ್ನು ನೋಡಿದವರೇ ಊಹೆ ಮಾಡಿಕೊಂಡಿರಬೇಕು. ನಮ್ಮ ಬೀದಿಯಲ್ಲೇ ಐದಾರು ಕಿಟಕಿಗೆ ಕೆಂಪು ಬಟ್ಟೆ ಬಿತ್ತು. ಎಲ್ಲ ವಯಸ್ಸಾದವರ ಕೋಣೆಯವು. ಮೂಲೆಮನೆಯ ಮುದುಕಪ್ಪ ಕಿಟಕಿಯಿಂದ, "ನನ್ನದೂ ಎಲ್ಲಾ ತೆರೆದಿಟ್ಟಿದಾರಂತೆ ದ್ಯಾಮವ್ವಾ, ನನ್ನ ಕೇಳದೆ! ಮೊದಲು ಮುಚ್ಚಿಕೊಡು, ಆಮೇಲೆ ಎಷ್ಟು ತೆಗೀಬೇಕು ಅಂತ ನಾನು ಹೇಳ್ತೀನಿ" ಅಂತ ಬೀದಿಗೆಲ್ಲ ಕೇಳುವ ಹಾಗೆ ಗದರುತ್ತಿದ್ದದ್ದು ನನಗೆ ಕೇಳಿಸಿತು. ದ್ಯಾಮಕ್ಕ ಕಾಲುಮಣೆ ಎತ್ತಿಕೊಂಡು ಕುಂಟುತ್ತ ಕಿಟಕಿಯಿಂದ ಕಿಟಕಿಗೆ ಹೋಗುತ್ತಿದ್ದಳು.

ಹನ್ನೊಂದನೆಯ ದಿನ ನನ್ನ ಫೈಲು ಒಳಗೆ ಹೋಯಿತು. ಯಾವ ಸಾಲೂ ಬರಲಿಲ್ಲ. ನಂಬಿಕೆ ಬಾರದೆ ಎರಡು ಸಲ ನೋಡಿದೆ, ಅಲ್ಲೇ ಇತ್ತು. ಅದರಲ್ಲಿ ನಾನು ಬರೆದದ್ದು ಇಷ್ಟೇ. "ಅತ್ತೆ, ಬಾಚುವಾಗ ಉಸಿರು ಬಿಗಿಹಿಡಿಯುವುದು ನಿಜ. ನಿಮ್ಮ ಕೂದಲು ತೆಳುವಾಗಿದೆ. ಸಿಕ್ಕು ಬಿಡಿಸುವಾಗ ನಿಮಗೆ ನೋವಾದರೆ ಅಯ್ಯೋ ಅನ್ನಲು ಬರುವುದಿಲ್ಲ. ಎಲ್ಲಿ ನೋಯಿಸಿಬಿಡುತ್ತೇನೋ ಅನ್ನುವ ಭಯಕ್ಕೆ ಹಿಡಿಯುತ್ತೇನೆ. ಬೇರೆ ಏನೂ ಇಲ್ಲ."

ಮಧ್ಯಾಹ್ನ ನೋಡಿದರೆ ಫೈಲು ಅಲ್ಲಿರಲಿಲ್ಲ. ಅಳಿಸಿದರೋ, ಇಲ್ಲ ಒಳಗಿನ ಯಾವುದಾದರೂ ಫೋಲ್ಡರಿಗೆ ಸರಿಸಿಕೊಂಡರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿಯೂ ಇಲ್ಲ.

ಹದಿಮೂರನೆಯ ದಿನ ಬೆಳಗಿನ ಕಾಫಿ ಹೊತ್ತಿಗೆ ಕದ ಸಡಿಲಿತು. ಬೀದಿಯ ಉದ್ದಕ್ಕೂ ಧಡಧಡ ಕದ ದೂಡುವ ಸದ್ದು, ಮಕ್ಕಳ ಕೇಕೆ, ಹದಿಮೂರು ದಿನ ಮುಖ ನೋಡದವರ ಅಳು ನಗು. ನಾನು ಬೀದಿಕೋಣೆಯಿಂದ ದಾಟಿ ನಡುಕೋಣೆಯ ಕದದ ಮುಂದೆ ಬಂದೆ. ಹಿತ್ತಿಲ ಸುತ್ತು ಹಾಕಿ ಮೌಳಿಯೂ ಓಡುತ್ತ ಬಂದರು. ಕದ ಬಿಗಿದಾಗ ಅರ್ಧಕ್ಕೇ ಬಿಟ್ಟಿದ್ದ ಗಡ್ಡ ಒಂದು ಕೆನ್ನೆಯಲ್ಲಿ ಮಾತ್ರ ಹೆಚ್ಚಿತ್ತು.

"ದೂಡು, ತೆಗೆಯುತ್ತೆ," ಅಂದರು.

"ಅವರೇ ತೆಗೀಲಿ ರೀ."

"ಒಂದು ಕೈಲಿ ಹೇಗೆ ತೆಗೀತಾಳೆ?"

"ನಿಧಾನಕ್ಕೆ ತೆಗೀತಾರೆ."

ನಿಂತೆವು. ಒಳಗೆ ಕುರ್ಚಿ ಸರಿದ ಸದ್ದು. ಕಾಲೆಳೆಯುವ ಸದ್ದು, ನಿಂತಿತು, ಮತ್ತೆ ಎಳೆಯಿತು. ಕದದ ಹಿಡಿಯ ಮೇಲೆ ಕೈ ತಡವಿತು, ಜಾರಿತು, ಮತ್ತೆ ತಡವಿತು. ಮೌಳಿಯ ಕೈ ಎರಡು ಸಲ ಕದದ ತನಕ ಹೋಯಿತು, ಎರಡು ಸಲವೂ ಅವರೇ ಹಿಂದಕ್ಕೆ ತಗೊಂಡರು. ಕದ ಒಂದು ಗೇಣು ತೆರೆಯಿತು, ಆಮೇಲೆ ಪೂರ್ತಿ.

ಅತ್ತೆ ನಿಂತಿದ್ದರು. ಬಡಕಲಾಗಿದ್ದರು, ಸೀರೆಯನ್ನು ಒಂದು ಕೈಯಲ್ಲೇ ಹೇಗೋ ಸುತ್ತಿಕೊಂಡಿದ್ದರು, ಸೆರಗು ತಲೆಕೆಳಗಾಗಿತ್ತು. ಮಗನ ಕೆನ್ನೆಯನ್ನು ಎಡಗೈಯಲ್ಲಿ ಮುಟ್ಟಿ ಆ ಅರ್ಧ ಗಡ್ಡ ಎಳೆದರು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ನಾನೇನಾದರೂ ಹೇಳುವ ಮೊದಲೇ ಹಿಂದೆ ತಿರುಗಿ ಬಾಗಿ ಖಾಲಿ ಕೊಡ ಎತ್ತಿ ನನ್ನ ಕಂಕುಳಿಗೆ ತುರುಕಿದರು. ಆಮೇಲೆ ನಮ್ಮಿಬ್ಬರ ನಡುವಿನಿಂದ ದಾಟಿ, ಗೋಡೆ ಹಿಡಿದುಕೊಂಡು, ಬೀದಿಕೋಣೆ ಹಾಯ್ದು ಹೊರಗೆ ಹೊರಟರು. ಕಾಯಿಲೆ ಬಿದ್ದ ಮೇಲೆ ಅವರು ಒಬ್ಬರೇ ಹೊಸ್ತಿಲು ದಾಟಿದ್ದು ಅದೇ ಮೊದಲು. ಮೌಳಿ ಹಿಂದೆ ಹೊರಟರು, ನಾನು ಅಂಗಿ ಹಿಡಿದು ನಿಲ್ಲಿಸಿದೆ.

ಎದುರುಮನೆಯ ಜಗಲಿಯ ಮೇಲೆ ದ್ಯಾಮಕ್ಕ ಕಾಲು ಚಾಚಿ ಕೂತಿದ್ದಳು. ಮಂಡಿಗೆ ಯಾರೋ ಹುಣಸೆ ಎಲೆ ಬಿಸಿಮಾಡಿ ಕಟ್ಟಿದ್ದರು. ಅತ್ತೆ ಬೀದಿ ದಾಟಲು ಎಷ್ಟು ಹೊತ್ತು ತಗೊಂಡರೆಂದರೆ, ಎದುರಿಗೆ ಬಂದ ಒಂದು ಎತ್ತಿನಗಾಡಿ ಅವರಿಗಾಗಿ ನಿಂತುಕೊಂಡಿತು. ಹೋಗಿ ದ್ಯಾಮಕ್ಕನ ಪಕ್ಕ ಕೂತರು. ದ್ಯಾಮಕ್ಕ ಏನೋ ಹೇಳಿದಳು. ಅತ್ತೆಯ ಭುಜ ಕುಲುಕಿತು, ನಕ್ಕರೋ ಅತ್ತರೋ ಇಲ್ಲಿಂದ ಗೊತ್ತಾಗುತ್ತಿರಲಿಲ್ಲ. ಅತ್ತೆ ತಮ್ಮ ಎಡಗೈಯನ್ನು ಅವಳ ಊದಿದ ಮಂಡಿಯ ಮೇಲೆ ಇಟ್ಟರು, ಅಲ್ಲೇ ಇಟ್ಟಿದ್ದರು.

ನಾನು ಎರಡು ಲೋಟ ಕಾಫಿ ಮಾಡಿಕೊಂಡು ಹೋಗಿ ಅವರಿಬ್ಬರ ನಡುವೆ ಜಗಲಿಯ ಮೇಲೆ ಇಟ್ಟೆ. ದ್ಯಾಮಕ್ಕ ಮಾತು ನಿಲ್ಲಿಸಿ ನನ್ನ ಕಡೆ ನೋಡಿದಳು. ನಾನು ನಿಲ್ಲದೆ ವಾಪಸ್ಸು ಬಂದೆ.